ಕೋವಿಯ ಮೇಲಿನ ಬಂಗಾರದ ಬಳ್ಳಿ

ಅಹಿಂಸೆಯನ್ನು ಪರಮಧರ್ಮವೆಂದು ಒಪ್ಪಿಕೊಂಡ ಸಮಾಜದಲ್ಲಿ ಆಯುಧದ ಪ್ರಶ್ನೆಯು ಮತ್ತೆ ಮತ್ತೆ ಏಳುವುದು ಸಹಜ. ಆಯುಧವನ್ನು ಹಿಡಿಯಬಹುದೇ, ಹಿಡಿಯುವುದಾದರೆ ಯಾವಾಗ, ಯಾರ ಮೇಲೆ ಎಂಬುದನ್ನು ಜೈನಾಚಾರ್ಯರು ಸಾವಿರ ವರ್ಷಗಳಿಗೂ ಹಿಂದೆಯೇ ವಿವೇಚಿಸಿದ್ದಾರೆ. ಆದರೆ ಆಯುಧವನ್ನು ಅಲಂಕರಿಸಬಹುದೇ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕೊಲ್ಲುವವನ ಕೈ ಒಂದು. ಕೊಲ್ಲುವ ಉಪಕರಣವನ್ನು ಮಾಡಿಕೊಡುವವನ ಕೈ ಇನ್ನೊಂದು. ಇವೆರಡೂ ಅಲ್ಲದ ಮೂರನೆಯ ಕೈಯೊಂದಿದೆ. ಅದು ಸಿದ್ಧವಾಗಿರುವ ಆಯುಧದ ಮೇಲೆ ಹೂವನ್ನೂ ಬಳ್ಳಿಯನ್ನೂ ಬಿಡಿಸುತ್ತದೆ, ಉಕ್ಕಿನ ಗೆರೆಯಲ್ಲಿ ಬಂಗಾರವನ್ನು ಕೂರಿಸುತ್ತದೆ. ಆ ಕೈಗೆ ಪಾಪದ ಪಾಲು ಉಂಟೇ?

ಇದು ದೂರದ ಪ್ರಶ್ನೆಯಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಹೊರಟವರಿಗೆ ತುಂಗೆಯ ಅಣೆಕಟ್ಟಿನ ಗಾಜನೂರು ಸಿಗುತ್ತದೆ. ಅದರಾಚೆಗೆ ಸಕ್ರೆಬೈಲಿನ ಆನೆ ಬಿಡಾರ, ಅಲ್ಲಿಂದ ಮುಂದೆ ಕಾಡು, ಕಾಡಿನ ಅಂಚಿನಲ್ಲಿ ಅಡಕೆ ತೋಟಗಳು. ಕಾಡುಹಂದಿ, ಮಂಗ, ಕಾಡುಕೋಣಗಳಿಂದ ಬೆಳೆಯನ್ನು ಕಾಯಲೆಂದು ಪರವಾನಗಿ ಪಡೆದ ಕೋವಿ ಮಲೆನಾಡಿನ ಕೃಷಿಕರ ಮನೆಗಳಿಗೆ ಹೊಸದಲ್ಲ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು, ಮಹಾನವಮಿಯಲ್ಲಿ ಎಣ್ಣೆ ಒರೆಸಿ, ನೇಗಿಲು ಕತ್ತಿಗಳ ಜೊತೆಗಿಟ್ಟು ಅರಿಸಿನ ಕುಂಕುಮ ಹಚ್ಚುವುದು ಇವೆಲ್ಲ ವರ್ಷದ ಕೆಲಸಗಳಲ್ಲಿ ಸೇರಿಹೋಗಿವೆ.

ಈ ಪರಿಸರದಲ್ಲಿ ಒಂದು ಪ್ರಸಂಗವನ್ನು ಭಾವಿಸಿಕೊಳ್ಳಬಹುದು. ಗಾಜನೂರಿನ ಆಸುಪಾಸಿನ ತೋಟದ ಮನೆ, ಶ್ರಾವಕ ಕುಟುಂಬ. ಅಜ್ಜನ ಕಾಲದಿಂದ ಬಂದ ಒಂಟಿ ನಳಿಗೆಯ ಕೋವಿ ಗೋಡೆಯ ಮೇಲಿದೆ. ಅಜ್ಜನಾಗಲಿ ಅಪ್ಪನಾಗಲಿ ಅದನ್ನು ಯಾವ ಪ್ರಾಣಿಗೂ ಗುರಿಯಿಟ್ಟವರಲ್ಲ. ಬೆದರಿಸಲು ಆಕಾಶಕ್ಕೆ ಹಾರಿಸಿದ್ದುಂಟು, ಅಷ್ಟೆ. ಈಗ ಅನುಕೂಲ ಕೂಡಿಬಂದ ಮೊಮ್ಮಗನಿಗೆ ಅದನ್ನು ಚೆಂದಗಾಣಿಸುವ ಆಸೆ. ನಳಿಗೆಯ ಬುಡಕ್ಕೆ ಬಂಗಾರದ ಬಳ್ಳಿ, ಮರದ ಹಿಡಿಗೆ ಬೆಳ್ಳಿಯ ತಗಡು, ನಡುವೆ ಸ್ವಸ್ತಿಕ, ಕಲಶ. ಕೆಲಸ ಮಾಡಬೇಕಾದವನೂ ಸಹಧರ್ಮಿಯೇ: ಬಸದಿಗಳಿಗೆ ಪ್ರಭಾವಳಿ, ಅಷ್ಟಮಂಗಲ, ಬೆಳ್ಳಿಯ ಕವಚಗಳನ್ನು ಕೆತ್ತಿ ಕೈ ಪಳಗಿಸಿಕೊಂಡ ಯುವಕ. ಬಸದಿಯ ಕೆಲಸ ವರ್ಷಕ್ಕೆ ಒಂದೆರಡು ಬಂದರೆ ಹೆಚ್ಚು. ಕೋವಿಯ ಕೆಲಸಕ್ಕೆ ಕೊಡುವ ಕೂಲಿ ಆರು ತಿಂಗಳ ಅನ್ನ. ಅವನು ಮನೆಯ ಹಿರಿಯರನ್ನು ಕೇಳುತ್ತಾನೆ: ‘ಅಜ್ಜ, ನಾನು ಇದನ್ನು ಮಾಡಬಹುದೇ?’

ಕಾನೂನಿನ ಉತ್ತರ ಸುಲಭ. ೧೯೫೯ರ ಆಯುಧ ಕಾಯಿದೆಯ ಪ್ರಕಾರ ಆಯುಧದ ತಯಾರಿಕೆಗೂ ದುರಸ್ತಿಗೂ ಪರವಾನಗಿ ಬೇಕು. ಕೋವಿಯ ಮೇಲಿನ ಗುರುತಿನ ಅಂಕಿಯನ್ನು ಅಳಿಸಕೂಡದು. ಬಳ್ಳಿಯು ಅಂಕಿಯನ್ನು ಮುಚ್ಚದಿದ್ದರೆ ಅದರ ಚೆಲುವಿನ ಬಗ್ಗೆ ಸರ್ಕಾರಕ್ಕೆ ಹೇಳುವುದೇನೂ ಇಲ್ಲ. ಧರ್ಮಕ್ಕೆ ಹೇಳುವುದುಂಟು.

ಮೊದಲು ಕೆಲಸದ ಸ್ವರೂಪವನ್ನು ನೋಡುವುದು ನ್ಯಾಯ. ಉಕ್ಕಿನ ಮೇಲೆ ಬಂಗಾರ ಕೂರಿಸುವುದರಲ್ಲಿ ಎರಡು ಕ್ರಮಗಳು ಮುಖ್ಯ. ಒಂದರಲ್ಲಿ ಉಳಿಯಿಂದ ಗೆರೆಯನ್ನು ಆಳವಾಗಿ ಕೊರೆದು, ಗೆರೆಯ ತಳವನ್ನು ಬಾಯಿಗಿಂತ ತುಸು ಅಗಲ ಮಾಡಿ, ಮೆತ್ತನೆಯ ಅಪ್ಪಟ ಬಂಗಾರದ ತಂತಿಯನ್ನು ಅದರಲ್ಲಿಟ್ಟು ಬಡಿಯುತ್ತಾರೆ. ತಂತಿ ಹರಡಿ ತಳವನ್ನು ತುಂಬಿ ಕಚ್ಚಿಕೊಳ್ಳುತ್ತದೆ. ಅಂಟೂ ಬೇಡ, ಬೆಸುಗೆಯೂ ಬೇಡ. ಇನ್ನೊಂದು ಕೋಫ್ತಗಾರಿ. ಉಕ್ಕಿನ ಮೈಗೆ ಅಡ್ಡ ಉದ್ದ ಸಣ್ಣ ಗೀರುಗಳನ್ನು ಹಾಕಿ ಒರಟು ಮಾಡಿ, ಬಂಗಾರದ ಎಳೆಯನ್ನೋ ತೆಳು ತಗಡನ್ನೋ ಅದರ ಮೇಲೆ ಬಡಿದು, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುವುದು. ರಾಜಸ್ಥಾನದ ಉದಯಪುರದಲ್ಲಿ ಕತ್ತಿಯ ಹಿಡಿಗಳ ಮೇಲೆ ಈ ಕೆಲಸ ಇಂದಿಗೂ ನಡೆಯುತ್ತದೆ. ಕರ್ನಾಟಕದವರಿಗೆ ಇದರ ಸೋದರಸಂಬಂಧಿಯೊಂದು ಚೆನ್ನಾಗಿ ಗೊತ್ತು: ಬೀದರಿನ ಬಿದರಿ ಕಲೆ. ಅಲ್ಲಿ ಸತು ತಾಮ್ರಗಳ ಎರಕದ ಮೇಲೆ ಬೆಳ್ಳಿಯ ಎಳೆ ಕೂರುತ್ತದೆ, ಬೀದರ ಕೋಟೆಯ ಮಣ್ಣು ಆ ಲೋಹಕ್ಕೆ ಕಪ್ಪು ಬಣ್ಣ ಕೊಡುತ್ತದೆ. ಕೈಯ ಹದ ಒಂದೇ ಬಗೆಯದು. ಅಲ್ಲಿ ಅದು ಹೂಜಿ, ಹುಕ್ಕಾ, ತಟ್ಟೆಗಳ ಮೇಲೆ ಓಡುತ್ತದೆ; ಇಲ್ಲಿ ಕೋವಿಯ ಮೇಲೆ.

ಆದ್ದರಿಂದ ಕೆತ್ತನೆಗಾರನ ಪರವಾಗಿ ಹೇಳುವ ಮಾತಿಗೆ ಬಲವಿಲ್ಲದಿಲ್ಲ. ಬಂಗಾರದ ಬಳ್ಳಿಯು ಯಾವ ಪ್ರಾಣಿಯನ್ನೂ ಕೊಂದಿಲ್ಲ. ಬಳ್ಳಿ ಬಿಡಿಸಿದ ಮಾತ್ರಕ್ಕೆ ಗುಂಡು ಹೆಚ್ಚು ದೂರ ಹೋಗದು, ಗುರಿ ಹೆಚ್ಚು ನೇರವಾಗದು. ಅಷ್ಟೇಕೆ, ಬೆಲೆಬಾಳುವ ಕೆತ್ತನೆಯಿರುವ ಕೋವಿಯನ್ನು ಮಳೆಯ ರಾತ್ರಿಯಲ್ಲಿ ತೋಟಕ್ಕೆ ಒಯ್ಯಲು ಯಾರಿಗೂ ಮನಸ್ಸಾಗದು. ಅದು ಗಾಜಿನ ಕಪಾಟಿನಲ್ಲಿ ಉಳಿಯುತ್ತದೆ. ಹಾಗಿದ್ದ ಮೇಲೆ ಅಲಂಕಾರವು ಆಯುಧವನ್ನು ನಿರಾಯುಧಗೊಳಿಸಿತಲ್ಲವೇ? ಕೊಡವರು ಮದುವೆಯಲ್ಲಿ ನಡುಪಟ್ಟಿಗೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಯು ಬೆಳ್ಳಿ ಬಂಗಾರಗಳಿಂದ ಶೋಭಿಸುತ್ತದೆ. ಇಂದು ಅದು ಆಭರಣವೇ ಹೊರತು ಇರಿಯುವ ಕತ್ತಿಯಲ್ಲ.

ಈ ವಾದಕ್ಕೆ ಶಾಸ್ತ್ರದ ಆಸರೆಯೂ ಸಿಗುವಂತೆ ತೋರುತ್ತದೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಹಿಂಸೆಯ ಮೂಲವನ್ನು ರಾಗಾದಿ ಭಾವಗಳಲ್ಲಿ ಗುರುತಿಸಿದರು. ಹೊರಗಿನ ವಸ್ತುವಿನ ಕಾರಣದಿಂದ ಆತ್ಮಕ್ಕೆ ಅಣುಮಾತ್ರದ ಹಿಂಸೆಯೂ ಅಂಟುವುದಿಲ್ಲವೆಂಬುದು ಅವರ ನಿಲುವು. ಕೋವಿಯು ಪುದ್ಗಲ, ಬಂಗಾರವೂ ಪುದ್ಗಲ. ಎರಡು ಪುದ್ಗಲಗಳು ಕೂಡಿದ ಮಾತ್ರಕ್ಕೆ ಜೀವಕ್ಕೆ ಏನು ಬಂಧ? ಆದರೆ ಈ ಮಾತನ್ನು ಉದ್ಧರಿಸುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಆಚಾರ್ಯರು ನಿಲ್ಲಿಸಲಿಲ್ಲ. ಅದೇ ಉಸಿರಿನಲ್ಲಿ ಅವರು, ಹಾಗಿದ್ದರೂ ಪರಿಣಾಮಗಳ ವಿಶುದ್ಧಿಗಾಗಿ ಹಿಂಸೆಯ ನೆಲೆಗಳಿಂದ ನಿವೃತ್ತನಾಗಬೇಕು ಎಂದು ಸೇರಿಸಿದ್ದಾರೆ. ವಸ್ತು ಕಟ್ಟುವುದಿಲ್ಲ, ನಿಜ. ವಸ್ತುವಿನ ಸಂಗದಲ್ಲಿ ಮನಸ್ಸು ತಾನೇ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಕೆತ್ತನೆಗಾರನ ಮನಸ್ಸು ಏನನ್ನು ಕಟ್ಟಿಕೊಳ್ಳುತ್ತದೆ? ಇಲ್ಲಿ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವು ಬೇರಾವ ಗ್ರಂಥಕ್ಕಿಂತಲೂ ಸೂಕ್ಷ್ಮವಾದ ತಕ್ಕಡಿಯನ್ನು ಒದಗಿಸುತ್ತದೆ. ಆಸ್ರವಕ್ಕೆ ಆಧಾರವಾಗುವ ಅಧಿಕರಣ ಎರಡು ಬಗೆ: ಜೀವ, ಅಜೀವ. ಜೀವಾಧಿಕರಣದ ಲೆಕ್ಕ ಹೀಗಿದೆ. ಕೆಡುಕಿನ ಸಂಕಲ್ಪ ಮಾಡುವ ಸಂರಂಭ, ಅದಕ್ಕೆ ಸಾಧನಗಳನ್ನು ಕೂಡಿಸುವ ಸಮಾರಂಭ, ಕಾರ್ಯವನ್ನು ತೊಡಗುವ ಆರಂಭ ಎಂದು ಮೂರು. ಇವು ಮನ ವಚನ ಕಾಯಗಳಿಂದ ಮೂರು ಬಗೆ. ತಾನು ಮಾಡುವ ಕೃತ, ಮಾಡಿಸುವ ಕಾರಿತ, ಒಪ್ಪುವ ಅನುಮತ ಎಂದು ಮತ್ತೆ ಮೂರು ಬಗೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಂದ ನಾಲ್ಕು ಬಗೆ. ಗುಣಿಸಿದರೆ ೧೦೮. ಜಪಮಾಲೆಯ ೧೦೮ ಮಣಿಗಳಿಗೆ ಈ ಲೆಕ್ಕವನ್ನೇ ಹೇಳುವ ವಾಡಿಕೆಯುಂಟು. ಮಣಿ ಎಣಿಸುವ ಎಷ್ಟೋ ಬೆರಳುಗಳು ತಾವು ಎಣಿಸುತ್ತಿರುವುದು ಪಾಪದ ಬಾಗಿಲುಗಳನ್ನು ಎಂಬುದನ್ನು ಮರೆತಿರುತ್ತವೆ ಎಂಬುದು ಬೇರೆ ಮಾತು.

ಅಜೀವಾಧಿಕರಣದ ಮೊದಲ ಭೇದವೇ ನಿರ್ವರ್ತನೆ, ಎಂದರೆ ನಿರ್ಮಾಣ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದನ್ನು ವಿವರಿಸುತ್ತ, ಶರೀರ ಮೊದಲಾದವುಗಳನ್ನು ಮೂಲಗುಣ ನಿರ್ವರ್ತನೆಯೆಂದೂ, ಮರದ ಕೆಲಸ, ಚಿತ್ರಕರ್ಮ ಮೊದಲಾದವುಗಳನ್ನು ಉತ್ತರಗುಣ ನಿರ್ವರ್ತನೆಯೆಂದೂ ಹೇಳಿದ್ದಾರೆ. ಚಿತ್ರಕರ್ಮವನ್ನು ಅಲ್ಲಿ ಸೇರಿಸಿರುವುದು ಅರ್ಥವತ್ತಾಗಿದೆ. ಕಲೆಯು ಪಾಪವೆಂದು ಇದರ ತಾತ್ಪರ್ಯವಲ್ಲ. ಹಾಗಿದ್ದರೆ ಒಂದು ಬಸದಿಯೂ ಏಳುತ್ತಿರಲಿಲ್ಲ. ಕಲೆಯು ತಟಸ್ಥವಲ್ಲ ಎಂಬುದಷ್ಟೇ ತಾತ್ಪರ್ಯ. ಆಸ್ರವವು ಶುಭವಾಗಲಿ ಅಶುಭವಾಗಲಿ, ಅದು ಊರಿ ನಿಲ್ಲಲು ಚಿತ್ರವೂ ಒಂದು ನೆಲ. ಶ್ವೇತಾಂಬರ ಆಗಮ ಪರಂಪರೆಯಲ್ಲಿ ಆಧಿಕರಣಿಕೀ ಕ್ರಿಯೆಯನ್ನು ವಿವರಿಸುವಾಗ ಇನ್ನೂ ಬಿಡಿಸಿ ಹೇಳಲಾಗಿದೆ: ಆಯುಧವನ್ನು ಹೊಸದಾಗಿ ಮಾಡುವುದು ಒಂದು ಕ್ರಿಯೆ, ಮೊದಲೇ ಆಗಿರುವ ಭಾಗಗಳನ್ನು ಜೋಡಿಸುವುದು ಇನ್ನೊಂದು ಕ್ರಿಯೆ. ಅಲಗನ್ನು ತಾನು ಬಡಿಯಲಿಲ್ಲ, ಹಿಡಿಯನ್ನಷ್ಟೇ ಕೂರಿಸಿದೆ ಎಂಬವನಿಗೂ ಅಲ್ಲಿ ಹೆಸರಿದೆ.

ಇಷ್ಟರಿಂದ ಕೆತ್ತನೆಗಾರನು ಲೆಕ್ಕದ ಹೊರಗಿಲ್ಲವೆಂಬುದು ಸ್ಪಷ್ಟ. ಆದರೆ ಅವನು ೧೦೮ರಲ್ಲಿ ಯಾವ ಮನೆಯಲ್ಲಿದ್ದಾನೆ? ಅವನಿಗೆ ಯಾರ ಮೇಲೂ ಕ್ರೋಧವಿಲ್ಲ. ಇದಕ್ಕೆ ಉತ್ತರವನ್ನು ಶಿವಮೊಗ್ಗ ಜಿಲ್ಲೆಯ ಒಂದು ಹಾಳುಬಾವಿಯಿಂದಲೇ ಮೊಗೆಯಬಹುದು.

ಹೊಸನಗರ ತಾಲ್ಲೂಕಿನ ನಗರವು ಕೆಳದಿ ಅರಸರ ಬಿದನೂರು. ೧೭೬೩ರಲ್ಲಿ ಅದು ಹೈದರಲಿಯ ಕೈಸೇರಿತು. ೨೦೧೮ರಲ್ಲಿ ಅಲ್ಲಿಯ ಒಂದು ಬಾವಿಯ ಹೂಳಿನಿಂದ ಟಿಪ್ಪುವಿನ ಕಾಲದವೆಂದು ಗುರುತಿಸಲಾದ ಸಾವಿರಕ್ಕೂ ಹೆಚ್ಚು ಯುದ್ಧರಾಕೆಟ್ಟುಗಳು ಹೊರಬಂದವು. ಒಂದು ಕಡೆ ಮುಚ್ಚಿದ, ಮದ್ದು ತುಂಬಿದ ಕಬ್ಬಿಣದ ಕೊಳವೆಗಳು. ಈಗ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಸಾಲುಸಾಲು ಮನುಷ್ಯರನ್ನೂ ಕುದುರೆಗಳನ್ನೂ ಸುಡಲೆಂದೇ ಮಾಡಿದವು. ಅವುಗಳ ಮೇಲೆ ಒಂದು ಹೂವಿಲ್ಲ. ಅದೇ ರಾಜ್ಯದ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಟಿಪ್ಪುವಿನ ಸ್ವಂತ ಬಳಕೆಗೆಂದು ಆದ ಕೋವಿಗಳನ್ನು ನೋಡಿದರೆ ನಳಿಗೆಯ ಮೇಲೆ ಬಂಗಾರದ ಅಕ್ಷರಗಳು, ಹುಲಿಯ ಪಟ್ಟೆಗಳು, ಬೆಳ್ಳಿಯ ಕಟ್ಟುಗಳು. ೧೭೯೯ರ ಮೇ ೪ರಂದು ಪಟ್ಟಣ ಬಿದ್ದ ಮೇಲೆ ಅವು ಲೂಟಿಯ ಪಾಲಾಗಿ ಕಡಲು ದಾಟಿದವು. ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲೂ ಹರಾಜುಕಟ್ಟೆಗಳಲ್ಲೂ ಕಾಣಿಸಿಕೊಂಡವು. ೨೦೧೯ರಲ್ಲಿ ಹರಾಜಾದ ಅಂಥದೊಂದು ಕೋವಿಗೆ ೬೦ ಸಾವಿರ ಪೌಂಡು ಬೆಲೆ ಬಂತು.

ಹೆಚ್ಚು ಕೊಲ್ಲುವ ಆಯುಧಕ್ಕೆ ಅಲಂಕಾರವಿಲ್ಲ. ಕಡಿಮೆ ಕೊಲ್ಲುವ ಆಯುಧಕ್ಕೆ ಬಂಗಾರ. ಸಿಪಾಯಿಯ ಬಂದೂಕು ಬರಿಮೈ, ಒಡೆಯನ ಬಂದೂಕು ಸರ್ವಾಲಂಕೃತ. ಹಾಗಿದ್ದರೆ ಬಂಗಾರವು ಹಿಂಸೆಯನ್ನು ಹೆಚ್ಚಿಸಲಿಲ್ಲ ಎಂಬ ವಾದ ಗೆದ್ದಂತೆಯೇ? ಇಲ್ಲ. ಅದು ಕಷಾಯವನ್ನು ಬದಲಿಸಿತು. ಬರಿಮೈಯ ಬಂದೂಕಿನ ಹಿಂದಿರುವುದು ಕ್ರೋಧ, ಇಲ್ಲವೇ ಭಯ. ಬಂಗಾರದ ಬಂದೂಕಿನ ಹಿಂದಿರುವುದು ಮಾನ ಮತ್ತು ಲೋಭ. ಕ್ರೋಧವು ಉರಿದು ಆರುತ್ತದೆ, ಯುದ್ಧ ಮುಗಿದ ಮೇಲೆ ಸಿಪಾಯಿಯು ಬಂದೂಕನ್ನು ಕೆಳಗಿಟ್ಟು ನಿಟ್ಟುಸಿರು ಬಿಡಬಹುದು. ಮಾನ ಲೋಭಗಳು ಆರುವುದಿಲ್ಲ. ಒಡೆಯನು ತನ್ನ ಕೋವಿಯನ್ನು ದಿನವೂ ಒರೆಸಿ ನೋಡುತ್ತಾನೆ. ಭಯದಿಂದ ಇಟ್ಟುಕೊಂಡ ವಸ್ತುವನ್ನು ಪ್ರೀತಿಯಿಂದ ಇಟ್ಟುಕೊಳ್ಳುವಂತಾಗುತ್ತದೆ. ಹಿಂಸೆಯ ಉಪಕರಣವು ಪರಿಗ್ರಹದ ಮಣಿಯಾಗುತ್ತದೆ. ಕೆತ್ತನೆಗಾರನು ನೀಡಿದ್ದು ಬಂಗಾರವನ್ನಲ್ಲ, ಈ ಪ್ರೀತಿಯನ್ನು. ಅಜ್ಜನಿಗೆ ಗೋಡೆಯ ಕೋವಿಯನ್ನು ಕಂಡಾಗ ಮೂಡುತ್ತಿದ್ದ ಸಣ್ಣ ಅಳುಕು ಮೊಮ್ಮಗನ ಮನಸ್ಸಿನಿಂದ ಮಾಯವಾಗುವುದಾದರೆ, ಕಳೆದುಹೋದದ್ದು ಆ ಅಳುಕೇ. ಶ್ರಾವಕನ ಮನೆಯಲ್ಲಿ ಕೋವಿಯೊಂದು ಇರುವುದಾದರೆ ಅದರ ಜೊತೆ ಇರಲೇಬೇಕಾದದ್ದು ಅದು.

ಯುರೋಪಿನಲ್ಲಿ ಈ ಕಲೆ ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ನೋಡಿದರೆ ವಿಷಯ ಇನ್ನೂ ವಿಶದವಾಗುತ್ತದೆ. ಆಸ್ಟ್ರಿಯದ ಫೆರ್ಲಾಕ್, ಜರ್ಮನಿಯ ಸೂಲ್, ಬೆಲ್ಜಿಯಂನ ಲೀಜ್ ಪಟ್ಟಣಗಳು ಗಿರಾಕಿಯ ಬಯಕೆಯಂತೆ ಒಂದೊಂದಾಗಿ ಮಾಡಿಕೊಡುವ ಬೇಟೆಯ ಬಂದೂಕುಗಳಿಗೆ ಹೆಸರಾದವು. ಲಂಡನ್ನಿನ ಅಂಗಡಿಗಳಿಂದ ಭಾರತದ ಮಹಾರಾಜರೂ ತರಿಸಿಕೊಳ್ಳುತ್ತಿದ್ದರು. ಅವುಗಳ ಉಕ್ಕಿನ ಪಕ್ಕೆಗಳ ಮೇಲೆ ಜಿಂಕೆ, ಹಂದಿ, ಹುಲಿ, ಆನೆಗಳನ್ನು ಬಿಡಿಸುವ ರೂಢಿ. ಯಾವ ಪ್ರಾಣಿಯನ್ನು ಕೊಲ್ಲಲು ಬಂದೂಕು ಆಗಿದೆಯೋ ಅದೇ ಪ್ರಾಣಿಯ ಚಿತ್ರ, ಕೆಲವೊಮ್ಮೆ ಬಂಗಾರದಲ್ಲಿ. ಕೆತ್ತನೆಗಾರನು ಭೂತಕನ್ನಡಿಯ ಕೆಳಗೆ ತಿಂಗಳುಗಟ್ಟಲೆ ಕುಳಿತು ಜಿಂಕೆಯ ಕಣ್ಣನ್ನು ಕೊರೆಯುತ್ತಾನೆ. ಆ ಕಣ್ಣಿನ ಬೆದರು, ಕಿವಿಯ ನಿಮಿರು, ಕಾಲಿನ ಚಿಮ್ಮು ಇವನ್ನೆಲ್ಲ ಪ್ರೀತಿಯಿಲ್ಲದೆ ನೋಡಿದವನು ಕೆತ್ತಲಾರ. ಜೀವದಯೆಗೆ ಇದಕ್ಕಿಂತ ಹತ್ತಿರದ ನೋಟ ಯಾವುದು? ಆದರೂ ಚಿತ್ರ ಮುಗಿದ ದಿನ ಅದು ಹೋಗಿ ಸೇರುವುದು ಜಿಂಕೆಯ ಎದೆಗೆ ಗುರಿಯಿಡುವವನ ಕೈಯನ್ನು. ಅವನ ಆನಂದಕ್ಕೆ ಕಲಾವಿದನ ಆನಂದವೂ ಕೂಡಿಕೊಳ್ಳುತ್ತದೆ. ಅನುಮೋದನೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಸಿಗುವುದು ಕಷ್ಟ.

ಕಲಾವಿದನ ತನ್ಮಯತೆಯೇ ಅವನನ್ನು ಶುದ್ಧಗೊಳಿಸುತ್ತದೆ ಎಂಬ ಮಾತೂ ಈಚೆಗೆ ಕೇಳಿಬರುತ್ತದೆ. ಕೆಲಸದಲ್ಲಿ ಮುಳುಗಿದವನಿಗೆ ರಾಗದ್ವೇಷಗಳೆಲ್ಲಿ, ಅದೇ ಧ್ಯಾನವಲ್ಲವೇ ಎನ್ನುತ್ತಾರೆ. ಜೈನದರ್ಶನವು ಈ ಮೋಹಕ್ಕೆ ಒಳಗಾಗಲಿಲ್ಲವೆಂಬುದು ಅದರ ಹೆಚ್ಚುಗಾರಿಕೆ. ಚಿತ್ತದ ಏಕಾಗ್ರತೆಯೆಲ್ಲವೂ ಧ್ಯಾನವೇ. ಆದರೆ ಧ್ಯಾನಗಳು ನಾಲ್ಕು, ಅವುಗಳಲ್ಲಿ ಆರ್ತ ರೌದ್ರಗಳೆರಡು ಸಂಸಾರಕ್ಕೆ ಕಾರಣ. ಹಿಂಸೆಯ ಆನಂದದಲ್ಲೂ ವಿಷಯವಸ್ತುಗಳನ್ನು ಕಾಪಾಡಿಕೊಳ್ಳುವ ಆನಂದದಲ್ಲೂ ಮನಸ್ಸು ಅತ್ಯಂತ ಏಕಾಗ್ರವಾಗಿರಬಲ್ಲದು. ಅದಕ್ಕೆ ರೌದ್ರಧ್ಯಾನವೆಂದು ಹೆಸರು. ಗುರಿಯಿಡುವ ಬೇಟೆಗಾರನಷ್ಟು ಏಕಾಗ್ರನು ಯಾರಿದ್ದಾನೆ?

ಎದುರು ಪಕ್ಷಕ್ಕೆ ಇನ್ನೊಂದು ಗಟ್ಟಿಯಾದ ಆಧಾರವಿದೆ. ಬಸದಿಗಳಲ್ಲಿಯೇ ಆಯುಧಗಳಿವೆಯಲ್ಲ! ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿಯು ಅಷ್ಟಭುಜೆ, ಆಯುಧಧಾರಿಣಿ. ಹೊಂಬುಜದ ಪದ್ಮಾವತಿಗೆ ಪಾಶ ಅಂಕುಶಗಳುಂಟು. ಇವುಗಳನ್ನು ಶಿಲ್ಪಿಗಳು ಕಡೆದಿದ್ದಾರೆ, ಭಕ್ತರು ಬೆಳ್ಳಿಯಲ್ಲಿ ಮಾಡಿಸಿ ಒಪ್ಪಿಸುತ್ತಾರೆ. ಶಿಕಾರಿಪುರ ಸೊರಬಗಳ ಕಡೆ ಹೊಲದಂಚಿನಲ್ಲಿ ನಿಂತ ವೀರಗಲ್ಲುಗಳ ತುಂಬ ಕತ್ತಿ, ಬಿಲ್ಲು, ಈಟಿಗಳು. ಸಲ್ಲೇಖನದ ನಿಸಿಧಿಗಲ್ಲುಗಳೂ ಅದೇ ನೆಲದವು, ಅದೇ ಉಳಿಯ ಸಂಪ್ರದಾಯದವು. ಇವುಗಳನ್ನು ಕಡೆದವರೂ ಪಾಪಿಗಳೇ?

ಇಲ್ಲಿ ಭೇದವನ್ನು ಕಾಣದೆ ಹೋದರೆ ಎಲ್ಲವೂ ಕಲಸಿಹೋಗುತ್ತದೆ. ಯಕ್ಷಿಯ ಕೈಯ ಕಲ್ಲಿನ ಕತ್ತಿಯು ಆಯುಧದ ಚಿತ್ರ. ಬಂಗಾರದ ಬಳ್ಳಿಯಿರುವ ಕೋವಿಯು ಚಿತ್ರವಿರುವ ಆಯುಧ. ಮೊದಲನೆಯದು ಯಾರನ್ನೂ ಇರಿಯಲಾರದು. ಅದಲ್ಲದೆ, ಅದೇ ಬಸದಿಯ ಗರ್ಭಗೃಹದಲ್ಲಿ ಕುಳಿತ ಜಿನನ ಕೈಗಳು ಬರಿದು. ಯಕ್ಷಿಯು ಎಷ್ಟೇ ಸಾಯುಧಳಾದರೂ ನಿಂತಿರುವುದು ಆ ಬರಿಗೈಯ ಸೇವೆಯಲ್ಲಿ. ಆದರೆ ಚಿತ್ರವಾದ ಮಾತ್ರಕ್ಕೆ ನಿರಪಾಯವೆಂದೂ ಹೇಳುವಂತಿಲ್ಲ. ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲವರಿಗೆ ಹಿಟ್ಟಿನ ಕೋಳಿಯ ನೆನಪು ಬಾರದಿರದು. ಅಲ್ಲಿ ಕತ್ತಿ ಬಿದ್ದದ್ದು ಹಿಟ್ಟಿನ ಮೇಲೆ. ಆದರೂ ಅದು ಕೂಗಿತು, ತಾಯಿಯೂ ಮಗನೂ ಜನ್ಮಜನ್ಮಾಂತರ ನರಳಿದರು. ಚಿತ್ರದ ಮೇಲಿನ ಸಂಕಲ್ಪಕ್ಕೇ ಅಷ್ಟು ತೂಕವಾದರೆ, ನಿಜವಾದ ಕೋವಿಯ ಮೇಲಿನ ಒಲವಿಗೆ ತೂಕವಿಲ್ಲವೆನ್ನಲಾದೀತೇ?

ಚಾವುಂಡರಾಯನ ಹೆಸರನ್ನೂ ಈ ಚರ್ಚೆಯಲ್ಲಿ ಎಳೆದು ತರುವುದುಂಟು. ಸಮರಪರಶುರಾಮ, ವೀರಮಾರ್ತಂಡ ಎಂಬ ಬಿರುದುಗಳನ್ನು ಧರಿಸಿದ ಗಂಗರ ದಂಡನಾಯಕನು ಶ್ರಾವಕನೇ ತಾನೇ? ಹೌದು, ಶ್ರಾವಕನಿಗೆ ವಿರೋಧೀ ಹಿಂಸೆಯ ಸಂಪೂರ್ಣ ತ್ಯಾಗವನ್ನು ವಿಧಿಸಿಲ್ಲ. ಸೋಮದೇವಸೂರಿಗಳು ೯೫೯ರ ‘ಯಶಸ್ತಿಲಕ’ದಲ್ಲಿ ಅರಸನ ಆಯುಧಕ್ಕೆ ಎಲ್ಲೆಯನ್ನು ಹಾಕಿಕೊಟ್ಟರು: ರಣದಲ್ಲಿ ಶಸ್ತ್ರ ಹಿಡಿದು ಎದುರಾದವನ ಮೇಲೆ, ನಾಡಿಗೆ ಕಂಟಕನಾದವನ ಮೇಲೆ ಮಾತ್ರ, ದೀನರ ಮೇಲಲ್ಲ, ಸದಾಶಯರ ಮೇಲಲ್ಲ. ಇಲ್ಲಿ ಆಯುಧಕ್ಕೆ ಅನುಮತಿಯುಂಟು, ಆಯುಧದ ಮೋಹಕ್ಕಿಲ್ಲ. ಚಾವುಂಡರಾಯನ ಖಡ್ಗ ಹೇಗಿತ್ತೋ ಯಾರಿಗೂ ನೆನಪಿಲ್ಲ. ಅವನು ವಿಂಧ್ಯಗಿರಿಯ ಬಂಡೆಯಲ್ಲಿ ಕಡೆಯಿಸಿದ ೫೮ ಅಡಿಯ ಗೊಮ್ಮಟನ ಮೈಮೇಲೆ ಬಳ್ಳಿ ಹಬ್ಬಿದೆ. ಆ ಬಳ್ಳಿ ಹಬ್ಬಿರುವುದು ಆಯುಧವನ್ನೂ ರಾಜ್ಯವನ್ನೂ ಬಿಟ್ಟು ನಿಂತವನ ಮೈಮೇಲೆ.

ಅದೇ ಕಥೆಯ ಇನ್ನೊಂದು ತುದಿಯಲ್ಲಿ ಭರತನಿದ್ದಾನೆ. ಪಂಪನು ೯೪೧ರಲ್ಲಿ ಕನ್ನಡಕ್ಕೆ ತಂದ ಆದಿಪುರಾಣದ ಕಥೆಯಲ್ಲಿ ಭರತನಿಗೆ ಮೂರು ಸುದ್ದಿಗಳು ಒಟ್ಟಿಗೆ ಬರುತ್ತವೆ: ತಂದೆಗೆ ಕೇವಲಜ್ಞಾನ, ತನಗೆ ಪುತ್ರೋದಯ, ಆಯುಧಶಾಲೆಯಲ್ಲಿ ಚಕ್ರರತ್ನ. ಅವನು ಮೊದಲು ಹೋದದ್ದು ಜಿನನ ಪೂಜೆಗೆ; ಚಕ್ರದ ಪೂಜೆ ಆಮೇಲೆ. ಮಹಾನವಮಿಯಲ್ಲಿ ಕೋವಿಗೆ ಕುಂಕುಮ ಇಡುವ ಮನೆಗಳು ಈ ಕ್ರಮವನ್ನಾದರೂ ನೆನೆಯಬಹುದು. ಮುಂದೆ ದಿಗ್ವಿಜಯದಲ್ಲಿ ಭರತನು ವೃಷಭಾಚಲಕ್ಕೆ ಬಂದು ತನ್ನ ಪ್ರಶಸ್ತಿಯನ್ನು ಕೆತ್ತಲೆಂದು ನೋಡುತ್ತಾನೆ. ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆ ತುಂಬಿಹೋಗಿದೆ. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಕೆತ್ತಬೇಕಾಗುತ್ತದೆ. ಅವನ ಗರ್ವ ಅಲ್ಲಿ ಕುಗ್ಗಿತು. ಕೊನೆಗೆ ಆ ಚಕ್ರರತ್ನವೂ ತಮ್ಮನ ಮೇಲೆ ಬಿಟ್ಟಾಗ ಬಲವಂದು ನಿಂತಿತು. ಟಿಪ್ಪುವಿನ ಕೋವಿಯ ಮೇಲಿನ ಬಂಗಾರದ ಅಕ್ಷರಗಳನ್ನು ಇಂದು ಕಡಲಾಚೆಯ ಕೊಳ್ಳುಗರು ಓದುತ್ತಾರೆ. ಮೊಮ್ಮಗನು ಬಿಡಿಸಹೊರಟ ಬಳ್ಳಿಯನ್ನು ಯಾವ ಮನೆಯ ಗೋಡೆ ಹೊರುತ್ತದೆಯೋ ಹೇಳುವವರಾರು?

ಇನ್ನು ಕಸುಬಿನ ಮಾತು. ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ವು ಶ್ರಾವಕನು ಬಿಡಬೇಕಾದ ೧೫ ಬಗೆಯ ಜೀವನೋಪಾಯಗಳನ್ನು ಹೇಳುವಾಗ ವಿಷದೊಡನೆ ಶಸ್ತ್ರದ ವ್ಯಾಪಾರವನ್ನೂ ಎಣಿಸಿದೆ, ದಂತದ ವ್ಯಾಪಾರವೂ ಅದೇ ಪಟ್ಟಿಯಲ್ಲಿದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಕೊಡಲಿ, ಕತ್ತಿ, ಬೆಂಕಿ, ವಿಷ, ಸಂಕೋಲೆಗಳಂಥ ವಧಸಾಧನಗಳನ್ನು ಇತರರಿಗೆ ಒದಗಿಸುವುದೇ ಹಿಂಸಾದಾನವೆಂಬ ಅನರ್ಥದಂಡ. ದಂತದ ಹೆಸರು ಬಂದುದರಿಂದ ಸಾಗರ ಸೊರಬಗಳ ಗುಡಿಗಾರರನ್ನು ನೆನೆಯಬೇಕು. ಶ್ರೀಗಂಧದ ಜೊತೆಗೆ ಆನೆಯ ದಂತದಲ್ಲೂ ಕುಸುರಿ ಮಾಡುತ್ತಿದ್ದ ಮನೆತನಗಳವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದರ ೧೯೮೬ ಮತ್ತು ೧೯೯೧ರ ತಿದ್ದುಪಡಿಗಳು ದಂತದ ವ್ಯಾಪಾರವನ್ನು ಮುಚ್ಚಿದವು. ಉಳಿ ನಿಲ್ಲಲಿಲ್ಲ, ಅದು ಮರದ ಮೇಲೆಯೇ ನಡೆಯಿತು. ದಂತವನ್ನು ಬಿಟ್ಟು ಕಲೆ ಉಳಿಯಿತು ಎಂಬುದಕ್ಕೆ ಸಕ್ರೆಬೈಲಿನ ಆನೆಗಳು ತುಂಗೆಯಲ್ಲಿ ಮೀಯುವ ಈ ಜಿಲ್ಲೆಯೇ ಸಾಕ್ಷಿ.

ಆದರೆ ಗುಡಿಗಾರರಿಗೆ ಮರವಿತ್ತು, ಮರದ ಕೆಲಸಕ್ಕೆ ಕೊಳ್ಳುವವರಿದ್ದರು. ಗಾಜನೂರಿನ ಪ್ರಸಂಗದ ಯುವಕನಿಗೆ ಏನಿದೆ? ಹಿರಿಯರು ‘ಬೇಡಪ್ಪ, ಅದು ಖರಕರ್ಮ’ ಎಂದು ಹೇಳಿ ಎದ್ದುಹೋದರೆ ಅವನ ಮನೆಯ ಒಲೆ ಉರಿಯುವುದಿಲ್ಲ. ಇಲ್ಲಿ ಪ್ರಶ್ನೆ ಅವನ ಕೈಯಿಂದ ಜಾರಿ ಬಸದಿಯ ಆಡಳಿತ ಸಮಿತಿಗಳ ಮೇಜಿನ ಮೇಲೆ ಬೀಳುತ್ತದೆ.

ಪ್ರಭಾವಳಿಯೋ ಪೀಠವೋ ಬೇಕಾದಾಗ ಸಮಿತಿಗಳು ಮಾಡುವುದೇನು? ದೂರದ ನಗರದಿಂದ ಅಚ್ಚಿನಲ್ಲಿ ಒತ್ತಿದ ತಗಡನ್ನು ತೂಕಕ್ಕೆ ತರಿಸುವುದು ಅಗ್ಗ. ಕೈಕೆತ್ತನೆಗೆ ಕೂಲಿಯೇ ಬೆಳ್ಳಿಯ ಬೆಲೆಯನ್ನು ಮೀರುತ್ತದೆ ಎಂಬ ಆಕ್ಷೇಪಣೆ. ಜೀರ್ಣೋದ್ಧಾರದ ಅಂದಾಜಿನಲ್ಲಿ ಸಿಮೆಂಟಿಗೆ ಇರುವ ಜಾಗ ಉಳಿಗೆ ಇರುವುದಿಲ್ಲ. ಹೀಗೆ ಉಳಿದ ಹಣವನ್ನು ಸಮಿತಿಯು ಮಿತವ್ಯಯವೆಂದು ವರದಿಯಲ್ಲಿ ಬರೆಯುತ್ತದೆ. ಧರ್ಮದ ಕೆಲಸವಿಲ್ಲದೆ ಕೈಕಟ್ಟಿ ಕುಳಿತವನ ಬಾಗಿಲಿಗೆ ಕೋವಿಯು ಬಂದಾಗ ಅವನಿಗೆ ವ್ರತವನ್ನು ಉಪದೇಶಿಸುವುದೂ ಅದೇ ಸಮಿತಿಯ ಹಿರಿಯರು. ಕೃತ, ಕಾರಿತ, ಅನುಮತಗಳಲ್ಲಿ ಕೃತವು ಯುವಕನದಾದರೆ ಕಾರಿತದ ಒಂದು ಭಾಗ ಯಾರದೆಂದು ೧೦೮ ಮಣಿಗಳನ್ನು ಎಣಿಸುವಾಗ ಯೋಚಿಸಬೇಕಾದೀತು. ವರ್ಷಕ್ಕೊಂದು ತಾಮ್ರಶಾಸನ, ಒಂದು ಸಿದ್ಧಚಕ್ರ ಯಂತ್ರ, ಒಂದು ಬಾಗಿಲುವಾಡದ ತಗಡು ಹೀಗೆ ಹತ್ತು ಬಸದಿಗಳು ಹಂಚಿಕೊಂಡು ಕೆಲಸ ಕೊಟ್ಟರೆ ಒಬ್ಬ ಕೆತ್ತನೆಗಾರನ ಸಂಸಾರ ನಡೆಯುತ್ತದೆ. ಇದು ದಾನವಲ್ಲ, ಕೂಲಿ.

ಮೊಮ್ಮಗನಿಗೆ ಹೇಳಬೇಕಾದದ್ದು ಕಡಿಮೆ. ತೋಟ ಕಾಯಲು ಕೋವಿ ಇರಬೇಕೆಂದು ಅವನ ಮನೆಗೆ ತೋರಿದರೆ ಅದು ಆರಂಭೀ, ವಿರೋಧೀ ಹಿಂಸೆಗಳ ಗಡಿಯಲ್ಲಿ ಅವನೇ ತೀರ್ಮಾನಿಸಬೇಕಾದ ವಿಷಯ. ತಮಟೆ, ಬೇಲಿ, ದೀಪಗಳಿಂದ ಕೆಲಸವಾಗುವುದಾದರೆ ಇನ್ನೂ ಲೇಸು. ಇಟ್ಟುಕೊಳ್ಳುವುದಾದರೆ ಗುದ್ದಲಿಯಂತೆ ಇಟ್ಟುಕೊಳ್ಳಲಿ, ಬಳ್ಳಿ ಬೇಡ. ಸ್ವಸ್ತಿಕ ಕಲಶಗಳಂತೂ ಸರ್ವಥಾ ಸಲ್ಲವು. ಬಂಗಾರದ ಬಳ್ಳಿಯು ಕೋವಿಯನ್ನು ಚೆಂದಗಾಣಿಸಿದರೆ, ಮಂಗಲದ ಚಿಹ್ನೆಗಳು ಅದನ್ನು ಧರ್ಮದ ಕೈಗೇ ಕೊಟ್ಟುಬಿಡುತ್ತವೆ. ನಾಲ್ಕು ಗತಿಗಳನ್ನು ಸೂಚಿಸುವ ಚಿಹ್ನೆಯನ್ನು ಜೀವವೊಂದನ್ನು ಇನ್ನೊಂದು ಗತಿಗೆ ಅಟ್ಟುವ ಉಪಕರಣದ ಮೇಲೆ ಬರೆಯುವುದು ಎಂಥ ವಿಪರ್ಯಾಸ!

ಉಳಿದಿರುವ ತೊಡಕು ಒಂದೇ. ಅಂಥ ಬಂಗಾರದ ಕೆಲಸವಿರುವ ಕೋವಿಯೋ ಕತ್ತಿಯೋ ಹಿರಿಯರ ಕಾಲದಿಂದಲೇ ಮನೆಯಲ್ಲಿ ಬಂದಿದ್ದರೆ ಏನು ಮಾಡಬೇಕು? ಬಂಗಾರವನ್ನು ಕೆರೆದು ತೆಗೆದು ಬಸದಿಯ ಹುಂಡಿಗೆ ಹಾಕಬಹುದೆಂದು ಕೆಲವರು ಹೇಳಿಯಾರು. ಕೆರೆದರೆ ಸಿಗುವುದು ಕೆಲವು ಗ್ರಾಂ. ಕೆಡುವುದು ಒಬ್ಬನ ಕೆಲವು ತಿಂಗಳ ಕೈಕೆಲಸ. ಹಾಗೆಯೇ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವುದು ಇನ್ನೊಂದು ದಾರಿ. ನಗರದ ಬಾವಿಯ ಬರಿಮೈ ರಾಕೆಟ್ಟುಗಳ ಪಕ್ಕದಲ್ಲಿ ಅದನ್ನಿಟ್ಟರೆ ನೋಡುವವರಿಗೆ ಎರಡೂ ಒಟ್ಟಿಗೆ ಕಾಣುತ್ತವೆ. ಕೆರೆದ ಬಂಗಾರವೇ ಹುಂಡಿಗೆ ಬಂದರೆ, ಅದನ್ನು ಯಾವ ಲೆಕ್ಕದಲ್ಲಿ ಜಮಾ ಮಾಡಿಕೊಳ್ಳಬೇಕು, ಮಾಡಿಕೊಳ್ಳಬೇಕೇ ಎಂಬುದನ್ನು ಸಮಿತಿಗಳು ತಮ್ಮ ಮುಂದಿನ ಸಭೆಯಲ್ಲಿ ಚರ್ಚಿಸುವುದು ಒಳಿತು.